ಎಂಟು ಮಗ್ಗ, ಒಂದು ಡಿಸ್ಕು

ನನಗೊಂದು ಕಾಯಿಲೆಯಿದೆ. ನನಗೆ ಬಾರದ ಕೆಲಸದ ಮಾತನ್ನು ಯಾರಾದರೂ ಎತ್ತಿದರೆ ಸಾಕು, "ಅದಕ್ಯಾಕೆ ಹೊರಗಿನವರು, ನಾನೇ ಮಾಡ್ಕೊಡ್ತೀನಿ ಬಿಡಿ" ಎಂದುಬಿಡುತ್ತೇನೆ. ನೆಲಮಂಗಲದ ನಮ್ಮ ಮನೆಯಲ್ಲಿ ಇದರಿಂದ ಹೆಚ್ಚೇನೂ ತೊಂದರೆಯಿಲ್ಲ, ಹೆಂಡತಿ ಶೈಲಜಾ ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ದೊಡ್ಡಬಳ್ಳಾಪುರದ ಅತ್ತೆಯ ಮನೆಗೆ ಹೋದಾಗ ಮಾತ್ರ ಕಾಯಿಲೆ ಉಲ್ಬಣಿಸುತ್ತದೆ. ಅಲ್ಲಿ ನಾನು ಹಿರಿಯ ಅಳಿಯ, ನಾನು ಹೇಳಿದ್ದನ್ನು ಪಾಪ ಅವರು ನಂಬುತ್ತಾರೆ. ಹಿಂದೊಮ್ಮೆ ಅವರ ಮಿಕ್ಸಿಯನ್ನು ರಿಪೇರಿ ಮಾಡಿಕೊಟ್ಟಿದ್ದೆ. ಅಂದಿನಿಂದ ಅತ್ತೆ ಚಟ್ನಿಯನ್ನು ಒರಳಿನಲ್ಲೇ ರುಬ್ಬುತ್ತಿದ್ದಾರೆ, ಆದರೂ ನಂಬಿಕೆ ಹೋಗಿಲ್ಲ.

ಹತ್ತು ಹನ್ನೆರಡು ವರ್ಷದ ಹಿಂದೆ ನಾದಿನಿ ಗೀತಾಳ ಮದುವೆ ಗೊತ್ತಾಯಿತು. ಮಾವ ತೀರಿಕೊಂಡ ಮೇಲೆ ಮನೆಯ ಎಂಟು ಪವರ್‌ಲೂಮ್ ಮಗ್ಗಗಳನ್ನು ನಡೆಸುತ್ತಿದ್ದ ಭಾವಮೈದ ಮಂಜುನಾಥ, ಊಟ ಮಾಡುತ್ತಾ "ವಿಡಿಯೋದವರಿಗೆ ಹೇಳ್ಬೇಕು ಭಾವ" ಎಂದ. ಮುಂದಿನದನ್ನು ನೀವೇ ಊಹಿಸಬಹುದು. ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ ನನ್ನ ಜೊತೆ ಸ್ಟೋರ್ಸಿನಲ್ಲಿದ್ದವರ ಹತ್ತಿರ ಒಂದು ಹ್ಯಾಂಡಿಕ್ಯಾಮ್ ಇತ್ತು, ನನ್ನ ಮನೆಯಲ್ಲಿ ಕಂಪ್ಯೂಟರ್ ಇತ್ತು. ಇಷ್ಟಿದ್ದ ಮೇಲೆ ವಿಡಿಯೋದವರೇಕೆ? ಶೈಲಜಾ ತಟ್ಟೆಯಿಂದ ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿದಳು. ಆ ನೋಟಕ್ಕೇ ನಾನು ಸುಮ್ಮನಾಗಬೇಕಿತ್ತು.

ಮದುವೆಗೆ ಎಂಟು ದಿನವಿದ್ದಾಗ ಶೈಲಜಾಳ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆ ಮನೆಗೆ ಅಜ್ಜಿಯೇ ಯಜಮಾನಿ. ಗೀತಾಳ ಧಾರೆ ಸೀರೆಯನ್ನು ತಾವೇ ಬಣ್ಣ ಆರಿಸಿ, ಅಂಚು ಹೇಳಿ, ಮುಂದೆ ಕೂತು ಮನೆಯ ಮಗ್ಗದಲ್ಲೇ ನೇಯಿಸಿದ್ದರು. ಮಗ್ಗದ ಕೋಣೆಗೆ ಅಂಟಿಕೊಂಡ ನಡುಮನೆಯಲ್ಲಿ, ಟಿ.ವಿ.ಗೆ ಎದುರಾಗಿ ಅವರಿಗೆ ಮಂಚ ಹಾಕಿದರು. ಛತ್ರಕ್ಕೆ ಹೊರಡುವಾಗ ನನ್ನ ಕೈ ಹಿಡಿದುಕೊಂಡು, "ನಾನಂತೂ ಬರಂಗಿಲ್ಲ. ನೀವು ಡಿಸ್ಕ್ ಮಾಡ್ತೀರಂತಲ್ಲ ಅಳಿಯಂದ್ರೇ. ಆ ಸೀರೆ ಮಗು ಮೈಮೇಲೆ ಹೆಂಗ್ ಕೂತಿತ್ತು ಅಂತ ಒಂದ್ ಸಲ ನೋಡ್ಬುಟ್ರೆ ಸಾಕು ನಂಗೆ" ಎಂದರು. ಅವರಿಗೆ ಎಂಬತ್ತು ದಾಟಿತ್ತು. ಆಗಲೇ ಹೆದರಿಕೆ ಶುರುವಾಯಿತು ನೋಡಿ, ಮೂರು ವಾರ ಬಿಡಲಿಲ್ಲ.

ಮದುವೆ ಮುಗಿದ ಮೇಲೆ ಮೊದಲನೇ ಡಿಸ್ಕನ್ನು ಅವರ ಮನೆಯ ಡಿವಿಡಿ ಪ್ಲೇಯರಿಗೆ ಹಾಕಿದಾಗ ಅದು ಒಂದಿಷ್ಟು ಹೊತ್ತು ಗುರ್ ಎಂದು, ಡಿಸ್ಕೇ ಇಲ್ಲವೆಂದು ಇಂಗ್ಲಿಷಿನಲ್ಲಿ ಬರೆದು ತೋರಿಸಿತು. ಹೊಟ್ಟೆಯೊಳಗೆ ಇಟ್ಟುಕೊಂಡು ಇಲ್ಲ ಅನ್ನುತ್ತದಲ್ಲ ಎಂದು ಸಿಟ್ಟೇ ಬಂತು. ಕಂಪ್ಯೂಟರಿನಿಂದ ಫೈಲನ್ನು ಹಾಗೇ ಕಾಪಿ ಮಾಡಿದರೆ ಮನೆಯ ಪ್ಲೇಯರಿಗೆ ಅರ್ಥವಾಗುವುದಿಲ್ಲ, ಬೇರೆ ಥರ ಬರ್ನ್ ಮಾಡಬೇಕು ಎಂದು ಆಮೇಲೆ ತಿಳಿಯಿತು. ಎರಡನೆಯದನ್ನು ಆ ಥರವೇ ಬರ್ನ್ ಮಾಡಿದೆ. ಆದರೆ ಕೊನೆಗೆ ಡಿಸ್ಕನ್ನು ಮುಗಿಸಿ ಮುಚ್ಚುವ ಫೈನಲೈಸ್ ಅಂತ ಒಂದು ಶಾಸ್ತ್ರವಿದೆ, ಅದು ಮರೆತುಹೋಗಿ ಅದೂ ಓಡಲಿಲ್ಲ. ಮೂರನೆಯದು ಸರಿಯಾಗೇ ಇತ್ತು. ಆದರೆ ಆ ಮನೆಯಲ್ಲಿ ಹೊಸ ಸಾಮಾನು ಏನೇ ಬರಲಿ, ಸ್ಕೂಟರಿನಿಂದ ಕುಕ್ಕರಿನವರೆಗೆ, ಅತ್ತೆ ಅರಿಶಿನ ಕುಂಕುಮ ಇಡದೆ ಮುಟ್ಟುವುದಿಲ್ಲ. ಡಿಸ್ಕಿನ ಮುಖ ಯಾವುದು, ಬೆನ್ನು ಯಾವುದು ಎಂದು ಅವರಿಗೆ ಹೇಳಿದವರು ಯಾರು? ಫಳಫಳ ಹೊಳೆಯುವುದೇ ಮುಖವಿರಬೇಕೆಂದು ಅಲ್ಲಿಗೇ ಮೂರು ಬೊಟ್ಟು ಇಟ್ಟಿದ್ದರು. ಆಮೇಲೆ ಪ್ಲೇಯರಿನ ಹೊಟ್ಟೆಯನ್ನು ಕಿವಿಗೆ ಹಾಕುವ ಹತ್ತಿಯಿಂದ ಒರೆಸಿ ಕುಂಕುಮ ತೆಗೆದಿದ್ದು ನಾನೇ. ಅತ್ತೆ ನನ್ನೊಂದಿಗೆ ನೇರವಾಗಿ ಮಾತಾಡುವವರಲ್ಲ. ಶೈಲಜಾಳಿಗೆ, "ನಿಮ್ಮನೆಯವರು ಬೇಜಾರ್ ಮಾಡ್ಕೊಂಡ್ರಾ ಕೇಳು" ಎಂದರು. ನಾನು ಶೈಲಜಾಳಿಗೆ, "ಇಲ್ಲ ಅಂತ ಹೇಳು" ಎಂದೆ.

ನಾಲ್ಕನೆಯದು ಓಡಿತು, ಗಣಪತಿ ಪೂಜೆಯವರೆಗೆ. ಪುರೋಹಿತರು ಅಕ್ಷತೆ ಹಾಕಲು ಕೈಯೆತ್ತಿದರು, ಎತ್ತಿದ ಕೈ ಹಾಗೇ ನಿಂತಿತು, ಅವರ ಮುಖವೆಲ್ಲ ಚೌಕ ಚೌಕವಾಗಿ ಒಡೆದುಹೋಯಿತು. ಅಂಗಡಿಯ ಭಜನೆ ಡಿಸ್ಕು ಹಾಕಿ ನೋಡಿದರೆ ಅದು ಲಕ್ಷಣವಾಗಿ ಓಡುತ್ತಿತ್ತು. ತಪ್ಪು ನನ್ನದೇ ಎಂದು ಮತ್ತೆರಡು ಡಿಸ್ಕು ಬರ್ನ್ ಮಾಡಿದೆ, ನಿಧಾನವಾಗಿ ಮಾಡಿದೆ, ಬೇರೆ ಕಂಪನಿಯದರಲ್ಲಿ ಮಾಡಿದೆ. ಪುರೋಹಿತರ ಕೈ ಇಳಿಯಲಿಲ್ಲ. ಅಜ್ಜಿ ಪ್ರತಿಸಲವೂ ಶೈಲಜಾಳ ಕೈಯಲ್ಲಿ ತಲೆ ಬಾಚಿಸಿಕೊಂಡು, ದಿಂಬಿಗೆ ಒರಗಿ ಕೂತು ಕಾಯುತ್ತಿದ್ದರು. ಡಿಸ್ಕು ನಿಂತಾಗ, "ಆಗ್ಲಿ ಬಿಡಿ, ಇನ್ನೊಂದ್ ದಿನ ನೋಡನ" ಎನ್ನುತ್ತಿದ್ದರು. ಅವರು ಬೈದಿದ್ದರೆ ನಾನು ಊಟವಾದರೂ ಮಾಡುತ್ತಿದ್ದೆ. ದೊಡ್ಡಬಳ್ಳಾಪುರದಿಂದ ಫೋನ್ ಬಂದರೆ ಸಾಕು, ಅಜ್ಜಿ ಸೀರೆ ನೋಡದೆಯೇ ಹೋಗಿಬಿಟ್ಟರೇನೋ ಎಂದು ಶೈಲಜಾಳ ಕೈಗೇ ಫೋನ್ ಕೊಟ್ಟುಬಿಡುತ್ತಿದ್ದೆ.

ಕೊನೆಗೆ ಅವರ ಪ್ಲೇಯರನ್ನೇ ಟವೆಲಿನಲ್ಲಿ ಸುತ್ತಿ ನೆಲಮಂಗಲಕ್ಕೆ ತಂದೆ. ಅದೇ ಪ್ಲೇಯರು, ಅದೇ ಡಿಸ್ಕು, ನಮ್ಮ ಮನೆಯಲ್ಲಿ ಮೊದಲಿನಿಂದ ಕೊನೆಯವರೆಗೂ ಓಡಿತು. ಕುಣಿಯುವುದೊಂದು ಬಾಕಿ. ಮಾರನೇ ದಿನವೇ ವಾಪಸ್ ಕೊಂಡುಹೋಗಿ ಹಾಕಿದರೆ ಪುರೋಹಿತರು ಮತ್ತೆ ಕೈಯೆತ್ತಿ ನಿಂತರು. "ಟಿ.ವಿ. ದಕ್ಷಿಣಕ್ಕೆ ಮುಖ ಮಾಡೈತೆ, ಅದ್ಕೇ" ಎಂದು ಅತ್ತೆ ಶೈಲಜಾಳಿಗೆ ಹೇಳಿದರು. ನಾನು ಟಿ.ವಿ.ಯನ್ನು ತಿರುಗಿಸಲೂ ಎದ್ದಿದ್ದೆ, ನನ್ನ ಸ್ಥಿತಿ ಅಲ್ಲಿಗೆ ಬಂದಿತ್ತು.

ಕೈಯಲ್ಲಿದ್ದ ಕಾಫಿ ಲೋಟವನ್ನು ಪ್ಲೇಯರಿನ ಮೇಲಿಟ್ಟೆ. ಕಾಫಿಯ ಮೇಲೆ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು. ಏಳುತ್ತಲೇ ಇದ್ದವು. "ಇದೇನು ಮಂಜು, ಕಾಫಿ ನಡುಗ್ತಿದೆ?" ಎಂದೆ. ಮಂಜುನಾಥ ಬಗ್ಗಿ ನೋಡಿ, "ನಮ್ಮನೇಲಿ ಕಾಫಿ ಯಾವಾಗ್ಲೂ ಹಂಗೇ ಭಾವ" ಎಂದ. ಗೋಡೆಗೆ ಕೈ ಇಟ್ಟೆ. ಗೋಡೆಯಾಚೆ ಎಂಟು ಮಗ್ಗ ಟಕಟಕ ಹೊಡೆಯುತ್ತಿದ್ದವು. ಮನೆಯೇ ಸಣ್ಣಗೆ ನಡುಗುತ್ತಿತ್ತು. ಹುಟ್ಟಿದಾಗಿನಿಂದ ಅದರಲ್ಲೇ ಇದ್ದವರಿಗೆ ಅದು ಗೊತ್ತೇ ಇರಲಿಲ್ಲ. ಅಂಗಡಿಯ ಡಿಸ್ಕು ಗಟ್ಟಿಪಿಂಡ, ತಡೆದುಕೊಂಡಿತ್ತು. ನನ್ನ ಕೈಯಲ್ಲಿ ಹುಟ್ಟಿದ್ದಕ್ಕೆ ಅಷ್ಟು ಶಕ್ತಿಯಿರಲಿಲ್ಲ. ಪ್ಲೇಯರನ್ನು ನೆಲದ ಮೇಲಿಟ್ಟೆವು, ದಿಂಬಿನ ಮೇಲಿಟ್ಟೆವು, ನಾನು ತೊಡೆಯ ಮೇಲೂ ಇಟ್ಟುಕೊಂಡೆ. ಉಪಯೋಗವಾಗಲಿಲ್ಲ. ಕರೆಂಟು ಹೋದಾಗ ಮಗ್ಗಗಳೇನೋ ತಾವಾಗಿ ನಿಲ್ಲುತ್ತಿದ್ದವು, ಆದರೆ ಆಗ ಟಿ.ವಿ.ಯೂ ಇರುತ್ತಿರಲಿಲ್ಲ.

"ಒಂದು ಗಂಟೆ ಮಗ್ಗ ನಿಲ್ಲಿಸಿದ್ರೆ" ಎಂದು ಮೆಲ್ಲಗೆ ಹೇಳಿದೆ. ಮಂಜುನಾಥನ ಮುಖ ಸಣ್ಣದಾಯಿತು. ಹಬ್ಬದ ಸೀರೆಗಳನ್ನು ನೇಯುತ್ತಿದ್ದ ಕಾಲ, ಒಪ್ಪಿಕೊಂಡ ದಿನಕ್ಕೆ ಕೊಡಬೇಕು, ಅವನ ಕಷ್ಟ ಅವನಿಗೆ. ಮಂಚದಿಂದ ಅಜ್ಜಿ, "ಆಫ್ ಮಾಡೋ ಮಂಜು" ಎಂದರು. ಅವನು ಎದ್ದು ಹೋಗಿ ಆಫ್ ಮಾಡಿ ಬಂದ.

ಅಂಥ ನಿಶ್ಶಬ್ದವನ್ನು ಆ ಮನೆಯಲ್ಲಿ ನಾನು ಕೇಳಿರಲಿಲ್ಲ. ಪುರೋಹಿತರ ಕೈ ಇಳಿಯಿತು, ಅಕ್ಷತೆ ಬಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಕಾಶಿಯಾತ್ರೆ ಆಯಿತು, ಜೀರಿಗೆ ಬೆಲ್ಲ ಆಯಿತು, ಧಾರೆ ಬಂತು. ಗಿಳಿಹಸಿರಿನ ಸೀರೆ, ಕಡುಗೆಂಪು ಅಂಚು. ಅಜ್ಜಿ ಮುಂದಕ್ಕೆ ಬಾಗಿದರು.

ಈಗ ಎರಡು ಸಂಗತಿ ಹೇಳಬೇಕು. ಮಗ್ಗದ ಸದ್ದಿಗೆಂದು ಆ ಟಿ.ವಿ.ಯ ವಾಲ್ಯೂಮನ್ನು ಪೂರ್ತಿ ಏರಿಸಿಟ್ಟಿದ್ದರು, ಇಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಇನ್ನೊಂದು, ಡಿಸ್ಕು ಓಡುತ್ತದೆಯೇ ಎಂದಷ್ಟೇ ನೆಲಮಂಗಲದಲ್ಲಿ ನಾನು ನೋಡಿದ್ದೆ, ಅದರಲ್ಲಿ ಏನಿದೆ ಎಂದು ಕೇಳಿಸಿಕೊಂಡಿರಲಿಲ್ಲ. ಕ್ಯಾಮರಾ ಹಿಡಿದವನ ದನಿಯೇ ಅದರಲ್ಲಿ ಎಲ್ಲರಿಗಿಂತ ಜೋರಾಗಿ ಕೂರುತ್ತದಂತೆ. ಓಲಗವನ್ನೂ ಮೀರಿ ನನ್ನ ದನಿ ಪಕ್ಕದ ಯಾರಿಗೋ ಹೇಳುತ್ತಿತ್ತು, "ಬಣ್ಣ ನೋಡಿ ಸಾರ್, ಕ್ಯಾಮರಾನೇ ಕಣ್ ಮುಚ್ಕೊಳ್ತಿದೆ. ಆರಿಸಿದ್ದು ನಮ್ಮ ಅಜ್ಜಿ. ಕಣ್ಣಿನ ಪೊರೆ ಆಪರೇಷನ್ ಮಾಡಿಸಿ ಅಂತ ಎಷ್ಟ್ ಸಲ ಬಡ್ಕೊಂಡೆ."

ಶೈಲಜಾ ಸೆರಗನ್ನು ಬಾಯಿಗಿಟ್ಟುಕೊಂಡಳು, ಅತ್ತೆ ಎದ್ದು ಅಡುಗೆಮನೆಗೆ ಹೋದರು. ಮಗ್ಗದ ಮನೆಯವರಿಗೆ ಕಿವಿ ಸ್ವಲ್ಪ ಮಂದ, ಕೇಳಿಸಿರಲಿಕ್ಕಿಲ್ಲ ಎಂದು ನಾನು ಉಸಿರು ಹಿಡಿದು ಕೂತಿದ್ದೆ. ಅಜ್ಜಿ ಟಿ.ವಿ.ಯಿಂದ ಕಣ್ಣು ತೆಗೆಯದೆ, "ಅದೇ ಜಾಗ ಇನ್ನೊಂದ್ ಸಲ ಹಾಕಿ ಅಳಿಯಂದ್ರೇ" ಎಂದರು. ರಿಮೋಟು ನನ್ನ ಕೈಯಲ್ಲೇ ಇತ್ತು. ಓಡಲಿ ಓಡಲಿ ಎಂದು ಮೂರು ವಾರ ದೇವರಿಗೆ ಕೈಮುಗಿದವನು, ಈಗ ಇಲ್ಲೊಂದು ಕಡೆ ನಿಂತುಹೋಗಲಪ್ಪ ಎಂದು ಬೇಡಿಕೊಂಡೆ. ಎಲ್ಲೂ ನಿಲ್ಲಲಿಲ್ಲ, ಒಂದು ಅಕ್ಷರವೂ ಬಿಡಲಿಲ್ಲ.

"ಸೀರೆ ಚೆನ್ನಾಗೇ ಕೂತೈತೆ" ಎಂದು ಅಜ್ಜಿ ದಿಂಬಿಗೆ ಒರಗಿದರು. "ಆ ಮಾತಾಡ್ದೋರು ಯಾರೋ ಪಾಪ, ಅವ್ರಿಗೇ ಒಂದ್ ಆಪರೇಷನ್ ಮಾಡ್ಸಿ."

ಆಮೇಲೆ ಅಜ್ಜಿ ಆರು ವರ್ಷ ಬದುಕಿದ್ದರು, ಬಂದ ನೆಂಟರಿಗೆಲ್ಲ ಆ ಡಿಸ್ಕು ಹಾಕಿಸಿದರು. ಈಗಲೂ ಅದು ಆ ಮನೆಯಲ್ಲಿದೆ. ಯಾರಾದರೂ ಹೊಸಬರು ಬಂದು ಕೂತರೆ ಮಂಜುನಾಥನಿಗೆ ಹೇಳಬೇಕಾಗಿಲ್ಲ, ತಾನೇ ಎದ್ದು ಹೋಗಿ ಎಂಟೂ ಮಗ್ಗ ನಿಲ್ಲಿಸಿ ಬರುತ್ತಾನೆ.