ಶಾರ್ಜಾದಲ್ಲಿ ಚೊಚ್ಚಲ ಬಾಣಂತನ

ಬೈಲಹೊಂಗಲದಲ್ಲಿ ಮೂವತ್ತು ವರ್ಷದಿಂದ ಗಾದಿಯ ಮೇಲೆ ಕೂತವನು ನಾನು. ಹಾಗೆಂದ ಕೂಡಲೇ ಯಾವುದೋ ದೇಸಗತಿ ಮನೆತನ ಎಂದುಕೊಳ್ಳಬೇಡಿ. ಹತ್ತಿ ಹಿಂಜಿ ಗಾದಿ ಹೊಲಿಯುವ ಮೆಹಬೂಬಸಾಬ ನದಾಫ ನಾನು. ಹೊಲಿಯುವಾಗ ಅದರ ಮೇಲೆಯೇ ಕೂಡಬೇಕಾಗುತ್ತದೆ. ಇಂಥ ನನಗೆ ಎರಡು ಸಾವಿರದ ಆರನೇ ಇಸವಿಯಲ್ಲಿ ಒಂದು ಅಂತರರಾಷ್ಟ್ರೀಯ ವಿಚಾರ ಹೊಳೆಯಿತು. ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು.

ನಮ್ಮ ಒಬ್ಬಳೇ ಮಗಳು ಮೆಹೆರಾಜಳನ್ನು ಮುನವಳ್ಳಿಯ ರಮೀಜನಿಗೆ ಕೊಟ್ಟಿದ್ದೇವೆ. ಅಳಿಯ ಶಾರ್ಜಾದಲ್ಲಿ ಏಸಿ ರಿಪೇರಿ ಮಾಡುತ್ತಾನೆ. (ನಮ್ಮ ಕಡೆಯವರಿಗೆ ಸಮುದ್ರ ದಾಟಿದ ಮೇಲೆ ಸಿಗುವುದೆಲ್ಲ ದುಬೈಯೇ, ಹಾಗಾಗಿ ನಾನೂ ದುಬೈ ಎಂದೇ ಹೇಳುತ್ತೇನೆ.) ಮದುವೆಯಾದ ವರ್ಷಕ್ಕೆ ಮಗಳನ್ನೂ ಅಲ್ಲಿಗೆ ಕರೆಸಿಕೊಂಡ. ಸ್ವಲ್ಪ ದಿನಕ್ಕೆ ಸಿಹಿ ಸುದ್ದಿಯೂ ಬಂತು.

ನನ್ನ ಹೆಂಡತಿ ಅನ್ವರಬಿ ಅವತ್ತೇ ಬಾಣಂತಿಯ ಉಂಡಿಗೆಂದು ಅಂಟು, ಅಳವಿ ಬೀಜ, ಒಣಕೊಬ್ಬರಿ ತಂದು ಡಬ್ಬಿ ತುಂಬಿದಳು. ಚೊಚ್ಚಲ ಬಾಣಂತನವೆಂದರೆ ತವರಿನ ಹಕ್ಕು. ಯಾವ ಬೀಗರೂ ಅದಕ್ಕೆ ಅಡ್ಡ ಬರುವಂತಿಲ್ಲ.

"ಏಳು ತಿಂಗಳದಾಗ ಬಿದ್ದ ಕೂಡ್ಲೇ ಕಳಸು ಅಂತ ರಮೀಜಗ ಹೇಳ್ರಿ. ಆಮ್ಯಾಲ ವಿಮಾನದಾಗ ಹತ್ತಿಸಿಕೊಳ್ಳೂದಿಲ್ಲಂತ," ಎಂದಳು.

ಹೇಳುತ್ತಿದ್ದೆ, ಖಂಡಿತ ಹೇಳುತ್ತಿದ್ದೆ. ಆದರೆ ಹಿಂದಿನ ದಿನವಷ್ಟೇ ಚಹಾದಂಗಡಿಯಲ್ಲಿ ಮಡಿವಾಳೆಪ್ಪ ಮಾಸ್ತರರು, ಅಮೇರಿಕಾದ ನೆಲದ ಮೇಲೆ ಹುಟ್ಟಿದ ಕೂಸಿಗೆ ಅಲ್ಲಿಯ ಪೌರತ್ವ ಸಿಗುತ್ತದೆ ಎಂದಿದ್ದರು. (ಅಲ್ಲಿಯವರೆಗೆ ನನಗೆ ಗೊತ್ತಿದ್ದ ಪೌರತ್ವವೆಂದರೆ ಪುರಸಭೆಯಿಂದ ಬರುವ ಕರದ ನೋಟಿಸು.) ಅಮೇರಿಕಾ ಕೊಡುವುದನ್ನು ದುಬೈ ಕೊಡದೆ ಇದ್ದೀತೆ?

"ಕೂಸು ಅಲ್ಲೇ ಹುಟ್ಟಲಿ," ಎಂದು ಘೋಷಿಸಿದೆ. "ದುಬೈ ಪ್ರಜಾ ಆಗತೈತಿ."

"ಯಾರು ಹೇಳಿದ್ರು?"

"ಕಾನೂನು!"

"ಕಾನೂನು ಬಂದು ಬಾಣಂತಿಗೆ ಎಣ್ಣಿ ಹಚ್ಚಿ ಎರೀತೈತೇನ್ರಿ? ನನಗ ಪಾಸ್‌ಪೋರ್ಟಿಲ್ಲ, ಬೀಗತಿಗೂ ಇಲ್ಲ. ಆ ಹುಡುಗಿಗೆ ಅಲ್ಲಿ ಯಾರದಾರ?"

ನನ್ನದು ಬರೀ ಜಂಬವಾಗಿರಲಿಲ್ಲ, ನಂಬಿ. ರಮೀಜನ ವೀಸಾ ಮುಗಿಯುವ ತಿಂಗಳು ಬಂತೆಂದರೆ ಎರಡೂ ಮನೆಗಳಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ. ಮಾಲೀಕ ಸಹಿ ಹಾಕುತ್ತಾನೋ ಇಲ್ಲವೋ, ಪೆಟ್ಟಿಗೆ ಕಟ್ಟಿಕೊಂಡು ಬರಬೇಕಾಗುತ್ತದೆಯೋ ಏನೋ ಎಂಬ ಹೆದರಿಕೆ. ನನ್ನ ಮೊಮ್ಮಗುವಿಗಾದರೂ ಆ ಹೆದರಿಕೆ ಬೇಡ ಅನ್ನಿಸಿತ್ತು.

ಫೋನಿನಲ್ಲಿ ಮೆಹೆರಾಜ, "ಅಪ್ಪಾ, ನನಗ ಅಂಜಿಕಿ ಬರಾಕತ್ತೈತಿ. ಊರಿಗೆ ಬರತೇನಿ," ಎಂದಳು.

"ಹುಚ್ಚಿ, ಕೂಸಿನ ಸಲುವಾಗಿ ಮೂರು ತಿಂಗಳು ಗಟ್ಟಿ ಮನಸು ಮಾಡವಾ," ಎಂದೆ. ರಮೀಜ "ಮಾವಾರ, ಇಲ್ಲಿ..." ಎಂದು ಏನೋ ಹೇಳಲು ಬಂದ. ಹಿರಿಯರು ಮಾತಾಡುವಾಗ ಬಾಯಿ ಹಾಕುವುದೇ? ಫೋನಿಟ್ಟುಬಿಟ್ಟೆ.

ಹೆಣ್ಣು ಕೂಸು ಹುಟ್ಟಿತು. ಸಿಮ್ರನ ಎಂದು ಹೆಸರಿಟ್ಟರು. ನಾನು ಓಣಿಗೆಲ್ಲ ಪೇಡೆ ಹಂಚಿದೆ. ಜನ ನನ್ನನ್ನು 'ಶೇಖಜ್ಜ' ಎನ್ನತೊಡಗಿದರು; ನಾನೂ ಓ ಅನ್ನತೊಡಗಿದೆ. ವಾರ ಬಿಟ್ಟು ಅಳಿಯನಿಗೆ ಗತ್ತಿನಿಂದ ಕೇಳಿದೆ: "ದುಬೈ ಪಾಸ್‌ಪೋರ್ಟ್ ಯಾವಾಗ ಬರತೈತಿ?"

"ಯಾವ ದುಬೈ ಪಾಸ್‌ಪೋರ್ಟ್ರಿ ಮಾವಾರ? ಇಲ್ಲಿ ಹುಟ್ಟಿದ್ದಕ್ಕ ಏನೂ ಸಿಗೂದಿಲ್ಲ. ನಾವು ಯಾವ ದೇಶದವ್ರೋ ಕೂಸೂ ಆ ದೇಶದ್ದ. ವರ್ಷದೊಳಗ ನಮ್ಮ ಕಾನ್ಸುಲೇಟಿನ್ಯಾಗ ಹೆಸರು ಬರಸಬೇಕು. ಪಾಸ್‌ಪೋರ್ಟ್ ಬರೋತನಕ ಊರಿಗೆ ಕರಕೊಂಡು ಬರಾಕ ಆಗೂದಿಲ್ರಿ."

"ಮೊದಲ ಯಾಕ ಹೇಳಲಿಲ್ಲ?"

"ನೀವು ಬಿಟ್ಟರಲ್ರಿ! ಮತ್ತ... ನನಗೂ ಆಕೀನ ಬಿಟ್ಟಿರಾಕ ಮನಸಿರಲಿಲ್ಲ," ಎಂದ ಆ ಭೂಪ.

ಮುಂದಿನದನ್ನು ಹೇಳಲು ನನಗೇ ನಾಚಿಕೆ. ಅರಬಿಯಲ್ಲಿದ್ದ ಜನನ ಪತ್ರ, ಉರ್ದುವಿನಲ್ಲಿದ್ದ ನಿಕಾಹನಾಮೆ, ಎರಡೂ ಇಂಗ್ಲಿಷಿಗೆ ಹೋಗಿ, ಠಸ್ಸೆ ಬಿದ್ದು, ಅರ್ಜಿಯ ಜೊತೆ ಕೂಡುವಷ್ಟರಲ್ಲಿ ಆರು ತಿಂಗಳು ಕಳೆದವು. ಅಳಿಯ ಮುಂಜಾನೆಯಿಂದ ಯಾರದೋ ಮಾಳಿಗೆಯ ಮೇಲೆ ಏಸಿ ಬಿಚ್ಚುತ್ತ. ಮಗಳು ಹಸಿ ಮೈಯಲ್ಲಿ ಒಂದೇ ಕೋಣೆಯಲ್ಲಿ ಕೂಸಿನ ಜೊತೆ. ಅನ್ವರಬಿ ಮಾಡಿದ ಅಂಟಿನ ಉಂಡಿ ಊರಿಗೆ ಬಂದು ಹೋಗುವ ಯಾರ್ಯಾರದೋ ಚೀಲದಲ್ಲಿ ಕೂತು ದುಬೈಗೆ ಹೋದವು. ನನ್ನ ಜೊತೆ ಮಾತ್ರ ಆಕೆ ಮಾತು ಬಿಟ್ಟಳು. ರೊಟ್ಟಿ ಬಡಿಯುವ ಸಪ್ಪಳದಲ್ಲೇ ನನಗೆ ಬೇಕಾದ ಬೈಗುಳವೆಲ್ಲ ಇರುತ್ತಿತ್ತು. ತಪ್ಪು ನನ್ನದೇ. ಮಗಳು ಅಂಜಿಕೆ ಎಂದಾಗ ನಾನು ಕಾನೂನು ಹೇಳಿದ್ದೆ.

ಅಂತೂ ಹತ್ತು ದಿನದ ರಜೆಯ ಮೇಲೆ ಮೂವರೂ ಬಂದರು. ಕೂಸಿನ ಪಾಸ್‌ಪೋರ್ಟು ಕೈಗೆ ಬಂದೊಡನೆ ಮೂಗಿನ ಮೇಲೆ ಚಾಳೀಸು ಏರಿಸಿ, ಹೋದ ಮಾನ ತಿರುಗಿ ಪಡೆಯಲು ಗಟ್ಟಿಯಾಗಿ ಓದಿದೆ. "ನೋಡು, ಭಾರತೀಯ ಅಂತ ಐತಿ. ನಮ್ಮದ ಕೂಸು!"

ತಿಂಗಳುಗಳ ಮೇಲೆ ಅನ್ವರಬಿ ಬಾಯಿ ಬಿಟ್ಟಳು. "ಹುಟ್ಟಿದೂರು?"

"ಶಾರ್ಜಾ."

"ವಿಳಾಸ?"

"ಮುನವಳ್ಳಿ."

"ಬೈಲಹೊಂಗಲ ಎಲ್ಲೈತ್ರಿ?"

ಹಾಳೆ ತಿರುವಿದೆ. ಖಾಲಿ ಹಾಳೆಗಳನ್ನೂ ತಿರುವಿದೆ. ಎಲ್ಲೂ ಇರಲಿಲ್ಲ.

"ಇಲ್ಲಿ ಹಡದಿದ್ರ ನಮ್ಮ ಪುರಸಭಿ ಪುಸ್ತಕದಾಗ ಹೆಸರು ಹತ್ತತಿತ್ತು. ಸಾಲಿಗೆ ಹೋದ್ರೂ, ಮದಿವಿ ಆದ್ರೂ, ಹುಟ್ಟಿದೂರು ಬೈಲಹೊಂಗಲ ಅಂತ ಬರಕೊಳ್ಳತಿತ್ತು. ಹೆಸರು, ಮನಿತನ, ಎಲ್ಲಾ ಬೀಗರದು. ತವರಿನವ್ರಿಗೆ ಉಳಿಯೂದು ಅಷ್ಟ ರೀ. ಅದನ್ನೂ ನೀವು ಅರಬರಿಗೆ ಕೊಟ್ರಿ," ಎಂದಳು. ಆಕೆಯ ಕಣ್ಣಲ್ಲಿ ನೀರಿತ್ತು.

ನಾನು ಪಾಸ್‌ಪೋರ್ಟು ಮುಚ್ಚಿ, ಚಾಳೀಸು ತೆಗೆದು ಒರೆಸಿಕೊಂಡೆ. ಆದರೂ ಗಂಡಸಲ್ಲವೇ, "ಹೋಗಲಿ ಬಿಡು, ಎರಡನೇದು ಇಲ್ಲೇ ಹುಟ್ಟಲಿ," ಎಂದೆ.

ಮೆಹೆರಾಜ ತಲೆ ತಗ್ಗಿಸಿ ನಕ್ಕಳು. "ಎರಡನೇದು ಮುನವಳ್ಳ್ಯಾಗಪ್ಪಾ. ಅತ್ತಿ ಈಗಿಂದನ ಹೇಳಿಟ್ಟಾರ. ಚೊಚ್ಚಲದ್ದು ಒಂದ ಅಲ್ಲೇನು ತವರಿಂದು?"

ಆ ಹತ್ತು ದಿನವೂ ನಾನು ಅಂಗಡಿಗೆ ಹೋಗಲಿಲ್ಲ. ಯಾರೂ ಇಲ್ಲದಾಗ ಸಿಮ್ರನಳನ್ನು ತೊಡೆಯ ಮೇಲೆ ಹಾಕಿಕೊಂಡು, ಹುಟ್ಟಿದ ಕೂಸಿನ ಕಿವಿಯಲ್ಲಿ ಅಜಾನ್ ಹೇಳುವ ಹಾಗೆ, ಮೆಲ್ಲಗೆ "ಬೈಲಹೊಂಗಲ... ಬೈಲಹೊಂಗಲ..." ಎನ್ನುತ್ತಿದ್ದೆ. ಒಂದು ದಿನ ಬಾಗಿಲಲ್ಲಿ ನಿಂತಿದ್ದ ಅನ್ವರಬಿ ಕೇಳಿಸಿಕೊಂಡುಬಿಟ್ಟಳು.

"ಮೊದಲ ಅವ್ವಾ ಅನ್ನೂದ ಕಲೀಲಿ, ತಡೀರಿ," ಎಂದಳು. "ಊರು ಆಮ್ಯಾಲ ಕಲಸೋಣಂತ."