ಗಡ್ಡದ ಗುರುವೂ ಬಗ್ಗದ ನಾದಿನಿಯೂ

ಮಕ್ಕಳೇ, ದೇವರು ಎಲ್ಲರ ಕುತ್ತಿಗೆಗೂ ಮೂಳೆ ಇಟ್ಟು ಕಳಿಸುತ್ತಾನೆ. ನಿಮ್ಮ ತಾತನ ತಂಗಿಯ ಕುತ್ತಿಗೆಗೆ ಮಾತ್ರ ಹಾರೆ ಇಟ್ಟು ಕಳಿಸಿದ್ದ! ಇದು ನನ್ನ ಮಾತಲ್ಲ, ನಿಮ್ಮ ತಾತನದೇ. ಇಂಥದ್ದನ್ನೆಲ್ಲ ನಾನು ಬಾಯಿಬಿಟ್ಟು ಹೇಳುವವಳಲ್ಲ. ಬರೆಯುವಾಗ ಯಾರೂ ಎದುರಿಗೆ ನಿಂತು ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಇಷ್ಟು ಧೈರ್ಯ.

ನನ್ನ ಈ ನಾದಿನಿ ಗಂಡಸರಿಗಿಂತ ಎತ್ತರ. ಮದುವೆಯಾಗಿ ಹೋದದ್ದು ಜಾವಗಲ್‌ನ ಹಳೇ ಮನೆಯೊಂದಕ್ಕೆ. ಅಲ್ಲಿನ ಬಾಗಿಲು ಅವಳ ಹುಬ್ಬಿನ ಮಟ್ಟಕ್ಕೆ ಬರುತ್ತಿತ್ತು. ಬೇರೆ ಸೊಸೆಯಾಗಿದ್ದರೆ ಬಗ್ಗಿ ಒಳಗೆ ಹೋಗುತ್ತಿದ್ದಳು. ಇವಳು ದಿನಾ ಹಣೆ ಚಚ್ಚಿಸಿಕೊಂಡಳೇ ಹೊರತು ಬಗ್ಗಲಿಲ್ಲ. ಕೊನೆಗೆ ಮಾವ ಊರಲ್ಲಿಲ್ಲದ ದಿನ ನೋಡಿ ಗಾರೆಯವನನ್ನು ಕರೆಸಿ, ಹೊಸ್ತಿಲು ಕೀಳಿಸಿ, ಬಾಗಿಲ ಕೆಳಗಿನ ನೆಲವನ್ನೇ ತಗ್ಗು ಮಾಡಿಸಿದಳು! ಮೊದಲ ಮಳೆಗೇ ಬೀದಿಯ ನೀರೆಲ್ಲ ನಡುಮನೆಗೆ ಬಂತು. "ಏನಮ್ಮಾ ಇದು?" ಎಂದು ಮಾವ ಕೂಗಿಕೊಂಡರೆ, "ನೀರಿಗೂ ದಾರಿ ಬೇಕಿತ್ತು, ನಂಗೂ ಬೇಕಿತ್ತು ಮಾವ. ಇಬ್ರೂ ಬಂದ್ವಿ" ಅಂದಳಂತೆ.

ಬಸ್ಸಿನಲ್ಲೂ ಇದೇ ಕಥೆ. ಕಂಡಕ್ಟರ್ ಪಾಪ, "ಅಮ್ಮಾ, ಇಳಿಯೋವಾಗ ತಲೆ ಬಗ್ಸಿ" ಎನ್ನುತ್ತಾನೆ. "ಬಸ್ಸು ಎತ್ತರ ಮಾಡ್ಸಕ್ಕೆ ಏನಪ್ಪ ರೋಗ ನಿಮ್ಗೆ?" ಎಂದು ಇವಳು ಮೆಟ್ಟಿಲ ಮೇಲೇ ನ್ಯಾಯ ಶುರು ಮಾಡುತ್ತಾಳೆ.

ಕೋಪ ಬಂದರಂತೂ ಇನ್ನೂ ಚೆಂದ. ಜಗಳ ಆಡುವುದಿಲ್ಲ, ಮಾತು ಬಿಡುತ್ತಾಳೆ. ನನ್ನೊಡನೆ ಬಿಟ್ಟದ್ದು ನಿಮ್ಮ ತಾತ ಹೋದ ದಿನ. ಅಣ್ಣನಿಗೆ ಜಾಸ್ತಿಯಾಗಿದೆ ಎಂದು ಸುದ್ದಿ ಹೋಗಿ ಹೊರಟಿದ್ದಳು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಇತ್ತ ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಯಬೇಕೆಂದು ಹಿರಿಯರು ತೀರ್ಮಾನಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಅವಳು ಬಂದಾಗ ಅಂಗಳ ತೊಳೆದಾಗಿತ್ತು. ಅಣ್ಣನ ಮುಖ ಅವಳಿಗೆ ಸಿಗಲಿಲ್ಲ. ಹಿರಿಯರನ್ನೆಲ್ಲ ಬಿಟ್ಟು ಆ ಕೋಪವನ್ನು ತಂದು ನನ್ನ ತಲೆಗೆ ಕಟ್ಟಿದಳು.

ಹಾಗಂತ ಬರುವುದು ಬಿಟ್ಟಳೇ? ಎಲ್ಲಿ! ಬೇಸಿಗೆ ರಜೆಗೆ ಚಿನ್ನಿ, ಪುಟ್ಟಿ, ನೀವಿಬ್ಬರೂ ಅರಸೀಕೆರೆಗೆ ಬಂದಿರೆಂದರೆ ಮಾರನೆಯ ದಿನವೇ ಚೀಲದ ತುಂಬ ಕೊಬ್ಬರಿ ಮಿಠಾಯಿ ಹೊತ್ತು ಹಾಜರ್. ನನಗೆ ಏನಾದರೂ ಹೇಳಬೇಕಾದರೆ ನಡುಮನೆಯ ಕಂಬದ ಕಡೆ ತಿರುಗುತ್ತಿದ್ದಳು. "ಕಂಬವೇ, ಈ ಮನೇಲಿ ಕಾಫಿಗೆ ಸಕ್ರೆ ಹಾಕೋ ಪದ್ಧತಿ ಐತಾ ಕೇಳು!" ನಾನು ಸಕ್ಕರೆ ಡಬ್ಬಿ ತಂದು ಕಂಬದ ಬುಡದಲ್ಲಿ ಇಡುತ್ತಿದ್ದೆ. ನೀವು ಬಿದ್ದು ಬಿದ್ದು ನಗುತ್ತಿದ್ದಿರಿ. ನನಗೆ ನಗು ಬರುತ್ತಿರಲಿಲ್ಲ. ನಿಮ್ಮ ತಾತನನ್ನು ಚಡ್ಡಿ ಹಾಕುವ ಕಾಲದಿಂದ ಬಲ್ಲವಳು ಅವಳೊಬ್ಬಳೇ. ಅವರ ಬಗ್ಗೆ ಕೂತು ಮಾತಾಡೋಣವೆಂದರೆ ಬೇರೆ ಯಾರಿದ್ದರು ನನಗೆ?

ಒಂದು ವರ್ಷ ರಜೆಗೆ ಬರುವಾಗ ನಿಮ್ಮಪ್ಪ ಟಿವಿಗೆ ಜೋಡಿಸುವ ಆಟದ ಪೆಟ್ಟಿಗೆಯೊಂದನ್ನು ತಂದಿದ್ದ. ಟಿವಿಯ ನೆತ್ತಿಯ ಮೇಲೆ ಪುಟ್ಟ ಕ್ಯಾಮೆರಾ. ಎದುರು ನಿಂತರೆ ನಾವೇ ಟಿವಿಯೊಳಗೆ! ಅಲ್ಲೊಬ್ಬ ಬಿಳಿ ಗಡ್ಡದ ಕುಂಗ್‌ಫೂ ಗುರು. ಉದ್ದನೆಯ ಬಿದಿರು ಗಳ ಬೀಸುತ್ತಾನೆ, ಮಡಕೆ ಎಸೆಯುತ್ತಾನೆ. ನಾವು ಬಗ್ಗಿ, ಸರಿದು ತಪ್ಪಿಸಿಕೊಳ್ಳಬೇಕು. ತಗುಲಿದರೆ 'ಠಣ್' ಎಂದು ಸದ್ದು. ಆಮೇಲೆ ಗುರು ಗಡ್ಡ ನೀವಿಕೊಂಡು ಹೊಹ್ಹೊಹ್ಹೋ ಎಂದು ನಗುತ್ತಾನೆ. ನಾದಿನಿ ಸೆರಗು ಸಿಕ್ಕಿಸಿ ನಿಂತಳು.

"ಅತ್ತಜ್ಜಿ, ಬಗ್ಗಿ!" ಎಂದು ಚಿನ್ನಿ ಕಿರುಚಿದಳು.

"ನಮ್ ಮಾವನ ಮನೆ ಬಾಗ್ಲಿಗೇ ಬಗ್ಲಿಲ್ಲ. ಈ ಗಡ್ಡದವನಿಗೆ ಬಗ್ತೀನಾ?"

ಠಣ್! ಹೊಹ್ಹೊಹ್ಹೋ!

"ಲೋ ಮುದುಕ! ಕಾಯಿ ಕೆಡವೋ ಗಳ ಹಿಡ್ಕಂಡು ಹೆಂಗಸ್ರ ಮೇಲೆ ಬೀಸ್ತೀಯಲ್ಲ, ನಿಂಗೆ ಅಕ್ಕ ತಂಗೀರಿಲ್ವಾ?"

ಠಣ್! ಅವನಿಗೆ ಅಕ್ಕ ತಂಗಿಯರು ಇದ್ದಂತೆ ಕಾಣಲಿಲ್ಲ.

ಸೋತದ್ದಕ್ಕೆ ಅವಳಿಗೆ ಬೇಸರವಿರಲಿಲ್ಲ, ಆ ನಗು ಮಾತ್ರ ತಡೆಯಲಾಗಲಿಲ್ಲ. ಊಟಕ್ಕೆ ಕೂತರೂ ಕಣ್ಣು ಟಿವಿಯ ಮೇಲೇ. ಕೈ ತೊಳೆದವಳೇ ಮತ್ತೆ ನಿಂತಳು. ಗಳ ಬಂತು. ಬಾವಿಗೆ ಬಿಟ್ಟ ಬಿಂದಿಗೆಯಂತೆ ನೆಟ್ಟಗೆ ಕೆಳಗಿಳಿದಳು, ನೆಟ್ಟಗೆ ಮೇಲೆ ಬಂದಳು!

"ಬಗ್ಗಿದ್ರಿ! ಅತ್ತಜ್ಜಿ ಬಗ್ಗಿದ್ರು!" ಎಂದು ಪುಟ್ಟಿ ಕುಣಿದಳು.

"ಯಾರೇ ಬಗ್ಗಿದ್ದು? ಮಂಡಿ ಮಡಚಿದ್ದು ಕಣೇ! ತಲೆ ನೆಟ್ಟಗೆ ಐತಾ ಇಲ್ವಾ ನೋಡು!"

ಮಂಡಿಗೆ ಹರಳೆಣ್ಣೆ ತಿಕ್ಕಿಕೊಂಡು ತಿಕ್ಕಿಕೊಂಡು ಅಂತೂ ಕೊನೆಯ ಹಂತ ಮುಟ್ಟಿದಳು. ಅಲ್ಲಿ ಇಬ್ಬರು ಜೋಡಿಯಾಗಿ ನಿಲ್ಲಬೇಕಂತೆ. ನೀವಿಬ್ಬರೂ ಅವಳ ಜೊತೆ ಆಡಿ ಸೋತಿರಿ. ಉಳಿದವಳು ನಾನೊಬ್ಬಳೇ ಎಂದು ಅಡುಗೆಮನೆಯಿಂದ ಸೌಟಿನ ಸಮೇತ ಎಳೆದು ತಂದಿರಿ. ಫೋಟೋ ತೆಗೆಯುವಾಗಲೂ ಬೇರೆಯವರ ಬೆನ್ನ ಹಿಂದೆ ನಿಲ್ಲುವವಳು ನಾನು! ಟಿವಿಯಲ್ಲಿ ನನ್ನನ್ನು ನೋಡಿ ನನಗೇ ನಾಚಿಕೆಯಾಗಿ ಕಣ್ಣು ಮುಚ್ಚಿಕೊಂಡೆ.

"ಕಂಬವೇ, ಕಣ್ಣು ಬಿಟ್ಕಂಡು ಆಡಕ್ಕೇಳು" ಎಂದಳು ನಾದಿನಿ.

ಗುರು ಎರಡು ಕಡೆಯಿಂದಲೂ ಗಳ ಬೀಸಿದ. ನಾನು ಹೆದರಿ ಅವಳ ಕಡೆ ವಾಲಿದೆ. ಅದೇ ಹೊತ್ತಿಗೆ ಅವಳು ಬಿಂದಿಗೆಯ ಹಾಗೆ ಕೆಳಗಿಳಿದಳು. ಢಬ್! ಈ ಸದ್ದು ಟಿವಿಯದಲ್ಲ, ನಮ್ಮಿಬ್ಬರ ತಲೆಯದು.

"ಅಯ್ಯೋ! ಇನ್ನೊಂದ್ಸಲ ಡಿಕ್ಕಿ ಹೊಡ್ಕೊಳ್ಳಿ! ಇಲ್ದಿದ್ರೆ ಇಬ್ರಿಗೂ ಕೊಂಬು ಬರುತ್ತೆ!" ಎಂದು ಚಿನ್ನಿ ಕೂಗಿದಳು. ತಲೆಗೆ ತಲೆ ಒಂದು ಸಲ ತಗುಲಿದರೆ ಇನ್ನೊಂದು ಸಲ ತಗುಲಿಸಲೇಬೇಕು ಎಂದು ನಿಮಗೆ ಹೇಳಿಕೊಟ್ಟವಳು ಇದೇ ಮಹಾರಾಯಿತಿ.

"ಬರ್ಲಿ ಬಿಡು ಕಂಬವೇ. ಕೆಲವ್ರಿಗೆ ಆಗ್ಲೇ ಐತೆ" ಎಂದವಳು ಚೀಲ ಎತ್ತಿಕೊಂಡು ಚಪ್ಪಲಿ ಮೆಟ್ಟಿಯೇಬಿಟ್ಟಳು.

ಚಿನ್ನಿ ಗೊಳೋ ಎಂದು ಅತ್ತಳು. "ಕೊಂಬು ಬಂದ್ರೆ ಅಜ್ಜಿ ದಿಂಬಿನ ಮೇಲೆ ಹೇಗೆ ಮಲಗ್ತಾರೆ?"

ನಾದಿನಿ ನಿಂತಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನೆದುರಿಗೆ ನಿಂತಳು. ನಾನು ಅವಳ ಭುಜಕ್ಕೆ ಬರುತ್ತೇನೆ ಅಷ್ಟೆ. ಮಂಡಿ ಮಡಚುತ್ತಾಳೆ ಅಂದುಕೊಂಡೆ. ಮಡಚಲಿಲ್ಲ. ಆ ಕುತ್ತಿಗೆ ನಿಧಾನವಾಗಿ ಬಗ್ಗಿತು. ಅವಳ ಹಣೆ ನನ್ನ ಹಣೆಗೆ ಮೆತ್ತಗೆ ತಗುಲಿತು. ತಗುಲಿದ ಹಣೆಯನ್ನು ಅವಳು ಎತ್ತಲಿಲ್ಲ.

"ಅತ್ತಿಗೆ" ಎಂದಳು. ಕಂಬಕ್ಕಲ್ಲ, ನನಗೆ. "ಅಣ್ಣ ಕೊನೇಲಿ ಏನಾರ ಅಂದ್ನಾ?"

"ಜಾವಗಲ್ ಬಸ್ಸು ಬಂತಾ ಅಂತ ಕೇಳಿದ್ರು ಕಣಮ್ಮ. ಬತ್ತಾ ಐತೆ ಅಂದೆ. ಹಂಗಾರೆ ಬಾಗ್ಲು ಹಾಕ್ಬೇಡ, ತೆಗ್ದಿರ್ಲಿ ಅಂದ್ರು."