ನರಸಿಂಹಯ್ಯನ ನೆಟ್ಟಗಿನ ರಸ್ತೆ

ಎಲ್ಲದಕ್ಕೂ ಕಾರಣ ಒಂದು ಮೂಟೆ ಕಲ್ಲಿದ್ದಲು. ಯುದ್ಧದ ಕಾಲ. ಇದ್ದಬದ್ದ ಕಲ್ಲಿದ್ದಲೆಲ್ಲ ರೈಲಿಗೆ ಹೋಗಿ, ರಸ್ತೆ ಅದುಮುವ ಉಗಿ ರೋಲರಿಗೆ ಉಪವಾಸ. ಬೆಳಿಗ್ಗೆ ಡ್ರೈವರ್ ಮಸ್ತಾನ್ ಸೈಕಲ್ಲಿನಲ್ಲಿ ಬಂದು, "ಮೇಸ್ತ್ರಿಗಳೇ, ರೋಲರ್ ದೊಡ್ಡಬಳ್ಳಾಪುರ ಬಿಟ್ಟು ಅಲ್ಲಾಡಲ್ಲ" ಎಂದವನೇ ಬಂದ ದಾರಿ ಹಿಡಿದ.

ಮೇಸ್ತ್ರಿ ನರಸಿಂಹಯ್ಯ ಸೈಕಲ್ಲಿನ ಹಿಂದೆ ನಾಲ್ಕು ಹೆಜ್ಜೆ ಓಡಿ ನಿಂತ. ಪಾಪ, ಅವನು ಹಂಗಾಮಿ ಮೇಸ್ತ್ರಿ. ಚಾವಡಿ ಮುಂದೆ ಒಂದಿಷ್ಟು ಟಾರು ರಸ್ತೆ ಹಾಕಿ ತೋರಿಸಬೇಕು. ಮಧ್ಯಾಹ್ನ ಇಂಜಿನಿಯರ್ ಬಂದು ಒಪ್ಪಿದರೆ ಕೆಲಸ ಖಾಯಂ, ಇಲ್ಲದಿದ್ದರೆ ವಾಪಸು ಅಪ್ಪನ ಕಣ. ಆ ಕಣ ಅಂದರೆ ಅವನಿಗೆ ಆಗುತ್ತಲೇ ಇರಲಿಲ್ಲ. ಚಿಕ್ಕಂದಿನಿಂದ ಎತ್ತಿನ ಹಿಂದೆ ರಾಗಿ ತೆನೆಯ ಮೇಲೆ ಸುತ್ತಿ ಸುತ್ತಿ ಸಾಕಾಗಿ, "ಇನ್ನೇನಿದ್ರೂ ನೆಟ್ಟಗೆ ಹೋಗೋ ರಸ್ತೆ ಮೇಲೇ ನನ್ನ ಬಾಳು" ಎಂದು ಅಪ್ಪ ವೆಂಕಟರಾಯಪ್ಪನಿಗೆ ಸವಾಲು ಹಾಕಿ ಬಂದಿದ್ದ ಭೂಪ.

ಈಗಾಗಲೇ ಎರಡು ಸಲ ಎಡವಟ್ಟಾಗಿತ್ತು. ಮೊದಲ ಸಲ ಟಾರು ಕಮ್ಮಿಯಾಗಿ ಜಲ್ಲಿಯೆಲ್ಲ ಪುರಿಯ ಹಾಗೆ ಎದ್ದು ಹೋಯಿತು. ಮುಂದಿನ ಸಲ ಟಾರು ಜಾಸ್ತಿಯಾಗಿ ಇಂಜಿನಿಯರ ಬೂಟು ರಸ್ತೆಯಲ್ಲೇ ಉಳಿದು, ಅವರು ಬರೀ ಕಾಲುಚೀಲದಲ್ಲಿ ಕಾರು ಹತ್ತಿದ್ದರು.

ಈ ಸಲದ ಟಾರು ಆಗಲೇ ಒಲೆಯ ಮೇಲೆ ಕುದಿಯುತ್ತಿತ್ತು. ಚಾವಡಿ ಎದುರುಮನೆ ಲಕ್ಕಮ್ಮ ಸೊಂಟಕ್ಕೆ ಕೈಯಿಟ್ಟುಕೊಂಡು ಟಾರಿನ ಕೊಪ್ಪರಿಗೆಗೆ ಇಣುಕಿದಳು. "ಏನಪ್ಪಾ, ಇಷ್ಟೇನಾ ನಿನ್ನ ವಿದ್ಯೆ? ಎಸರು ಕಮ್ಮಿ ಆದ್ರೆ ಗಂಟು, ಹೆಚ್ಚಾದ್ರೆ ಅಂಬಲಿ. ಕೋಲು ನಿಲ್ಲೋಗಂಟ ತೊಳಸು!"

"ಲಕ್ಕಮ್ಮಾ, ಇದು ಟಾರು, ಮುದ್ದೆ ಅಲ್ಲ!"

"ಕರ್ರಗೈತಲ್ಲಪ್ಪ. ಎಲ್ಡೂ ಒಂದೇಯ."

ನರಸಿಂಹಯ್ಯ ಹೌದೋ ಅಲ್ಲವೋ ತಿಳಿಯದೆ ಒಂದು ಬುಟ್ಟಿ ಜಲ್ಲಿ ಸುರಿಸಿದ. ಅವಳು "ಇನ್ನೂ" ಎಂದಳು. ಮರಳು ಸುರಿಸಿದ. ಗಟ್ಟಿಯಾಯಿತೆಂದು ಮತ್ತೆ ಟಾರು. ಎಷ್ಟು ಏನು ಬಿತ್ತೋ ಅವನಿಗೇ ಗೊತ್ತಾಗಲಿಲ್ಲ. ಕೋಲೇನೋ ನಿಂತಿತು. ಆಳುಗಳು ಹರಡಿದ್ದೂ ಆಯಿತು. ಬಿಸಿ ಆರುವ ಮುಂಚೆ ಅದುಮಬೇಕಲ್ಲ, ರೋಲರೆಲ್ಲಿ?

"ರೋಲರ್ ಯಾಕ್ಲಾ? ನನ್ನ ರೋಣಗಲ್ಲು ಇಲ್ವಾ!" ಎಂದ ಪಕ್ಕದ ಹೊಲದ ಗಂಗಣ್ಣ. ತೆನೆ ಒಕ್ಕುವ ಆ ಗುಂಡುಕಲ್ಲನ್ನು ಎತ್ತುಗಳಿಗೆ ಕಟ್ಟಿ ಎಳೆಸಿಕೊಂಡು ಬಂದೇಬಿಟ್ಟ. ಎತ್ತುಗಳು ಹೊಗೆಯಾಡುವ ಕರಿನೆಲ ಮೂಸಿ ಹಿಂದಕ್ಕೆ ಸರಿದವು.

"ಇದು ಕಣ ಅಂತ ಅವಕ್ಕೆ ಗೊತ್ತಾಗ್ಬೇಕು, ಅಷ್ಟೇಯ" ಎಂದ ಗಂಗಣ್ಣ, ತನ್ನ ಹುರುಳಿ ಗಿಡವನ್ನೆಲ್ಲ ತಂದು ಟಾರಿನ ಮೇಲೆ ಹರಡಿದ.

"ಅಯ್ಯೋ ಗಂಗಣ್ಣಾ, ಇದು ಸರ್ಕಾರದ ರಸ್ತೆ!"

"ಇರ್ಲಿ ಬಿಡ್ಲಾ. ರಸ್ತೆ ಸರ್ಕಾರದ್ದು, ರಾಶಿ ನಂದು."

ಹುರುಳಿ ಕಂಡದ್ದೇ ಎತ್ತುಗಳು ಹೊರಟವು, ಗುಂಡಗೆ.

"ನೆಟ್ಟಗೆ ಹೊಡಿ ಗಂಗಣ್ಣಾ, ನೆಟ್ಟಗೆ!"

"ಕಣ ಸುತ್ತಿ ಬೆಳೆದ ಎತ್ತು ಕಣ್ಲಾ. ನೆಟ್ಟಗೆ ಹೋಗೋದು ಅವಕ್ಕೇನು ಗೊತ್ತು? ಅಂದಂಗೆ ಎತ್ತಿನ ಹಗ್ಗ ಕಟ್ಟೋಕೆ ನಡುವೆ ಮೇಟಿ ಕಂಬ ನೆಡ್ಬೇಕು. ಗುದ್ದಲಿ ಕೊಡು, ಗುಂಡಿ ತೋಡ್ತೀನಿ."

"ರಸ್ತೆ ಮಧ್ಯ ಗುಂಡೀನಾ? ಬೇಡ ಮಾರಾಯ!"

"ಹಂಗಾದ್ರೆ ನೀನೇ ಮೇಟಿ. ಹಗ್ಗ ಹಿಡ್ಕೊಂಡು ನಿಂತ್ಕೊ. ನಾನು ಉಂಡ್ಬತ್ತೀನಿ."

ಎತ್ತು ಸುತ್ತಿದವು, ಕಲ್ಲು ಸುತ್ತಿತು, ನಡುವೆ ನಿಂತ ನರಸಿಂಹಯ್ಯನೂ ಸುತ್ತಿದ. ಸುತ್ತುತ್ತ ಸುತ್ತುತ್ತ ಒಂದೊಂದೇ ಹೆಜ್ಜೆ ಮುಂದಕ್ಕೆ ಸರಿದ. ಚಾವಡಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಾಣಿಸಿ, ರಸ್ತೆ ಹೋಗಬೇಕಾದ ದೇವನಹಳ್ಳಿ ಯಾವ ಕಡೆ ಅನ್ನುವುದೇ ಮರೆತುಹೋಯಿತು.

"ವೆಂಕಟರಾಯಪ್ಪನ ಮಗ ಕೊನೆಗೂ ಕಣಕ್ಕೇ ಬಂದ ನೋಡ್ರೇ!" ಎಂದು ಲಕ್ಕಮ್ಮ ಬೀದಿಗೆಲ್ಲ ಸಾರಿದಳು. ನರಸಿಂಹಯ್ಯನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಕಾರಿನ ಹಾರನ್. ಇಂಜಿನಿಯರ್ ಇಳಿಯುತ್ತಲೇ ಲಕ್ಕಮ್ಮ ಅಡ್ಡ ನಿಂತಳು. "ಸ್ವಾಮಿ, ಕಣ ಇದು. ಬೂಟು ಬಿಟ್ಟು ಬನ್ನಿ!"

"ಬಿಡದೆ ಇರ್ತೀನೇನಮ್ಮ? ಹೋದ ಸಲದ್ದೇ ಇನ್ನೂ ಇಲ್ಲಿದೆ" ಎಂದು ಅವರು ಬರಿಗಾಲಲ್ಲಿ ಬಂದರು. ಬೆತ್ತದಿಂದ ಹುರುಳಿ ಸರಿಸಿದರು. ಹಿಮ್ಮಡಿ ಊರಿ ತಿರುವಿದರು. ಬೆತ್ತದ ಕಬ್ಬಿಣದ ತುದಿಯಿಂದ ಕುಟ್ಟಿದರು. ಒಂದು ಜಲ್ಲಿಯೂ ಏಳಲಿಲ್ಲ.

"ಭೇಷ್! ಹೆಚ್ಚಾದ ಟಾರನ್ನ ಹೊಟ್ಟು ಹೀರ್ಕೊಂಡಿದೆ. ಕಲ್ಲು ಸುತ್ತಿ ಸುತ್ತಿ ಸಂದಿಲ್ಲದ ಹಾಗೆ ಅದುಮಿದೆ. ಎಷ್ಟು ಮಳೆ ಬಂದರೂ ಜಗ್ಗಲ್ಲ ಕಣ್ರೀ! ಯಾವ ಅಳತೆಯಲ್ಲಿ ಬೆರೆಸಿದಿರಿ?"

ನರಸಿಂಹಯ್ಯ ಕಕ್ಕಾಬಿಕ್ಕಿಯಾಗಿ ಲಕ್ಕಮ್ಮನ ಮುಖ ನೋಡಿದ. "ಮುದ್ದೆ ಹದ, ಸಾರ್."

"ಸರಿ. ಇವತ್ತಿಂದ ನಿಮ್ಮ ಕೆಲಸ ಖಾಯಂ."

ನರಸಿಂಹಯ್ಯನಿಗೆ ಸ್ವರ್ಗಕ್ಕೆ ಮೂರೇ ಗೇಣು. ಇಂಜಿನಿಯರ್ ಕಾರು ಹತ್ತುತ್ತ ಹೇಳಿದರು: "ರೋಲರಿನ ಗೊಡವೆ ಇನ್ನು ಬೇಡ. ದೇವನಹಳ್ಳಿವರೆಗೆ ಹೀಗೇ ಹಾಕಿ, ಆಮೇಲೆ ಹೊಸಕೋಟೆ, ಆಮೇಲೆ ನೆಲಮಂಗಲ. ಇದೇ ಕಲ್ಲು, ಇದೇ ಎತ್ತು, ನಡುವೆ ನೀವೇ. ಒಂದಿಷ್ಟೂ ಬದಲಾಯಿಸಕೂಡದು!"

ಊಟ ಮುಗಿಸಿ ಬಾಯೊರೆಸಿಕೊಳ್ಳುತ್ತ ಬಂದ ಗಂಗಣ್ಣ ನೋಡುತ್ತಾನೆ, ಹಗ್ಗ ಹಿಡಿದ ಮೇಟಿ ಗಳಗಳ ಅಳುತ್ತಿದೆ.

"ಅಳೋದ್ಯಾಕ್ಲಾ? ಖಾಯಂ ಆಯ್ತಂತಲ್ಲ!"

"ಅದಕ್ಕೇ ಗಂಗಣ್ಣಾ. ಅಪ್ಪನ ಕಣ ಆಗಿದ್ರೆ ಸಂಕ್ರಾಂತಿಗೆ ಮುಗೀತಿತ್ತು. ಇದು ಪಿಂಚಣಿ ತನಕ!"